ನಿಮಗಿದು ಗೊತ್ತೆ? ಮಾತು ಬಾರದ ಹುಡುಗನ ಪಾತ್ರಕ್ಕೆ ಬೊಂಬೆ!

ಅಪ್ಪ, ಅಮ್ಮ, ಆರೈಕೆದಾರ ಮೂವರೂ ನಟರು. 11 ವರ್ಷದ ಮಗ ಲಾರೆನ್ಸ್ ಮಾತ್ರ ಬೊಂಬೆ! 2019ರ ಫೆಬ್ರವರಿಯಲ್ಲಿ ಲಂಡನ್ನಿನ ಸದರ್ಕ್ ಪ್ಲೇಹೌಸ್‌ನಲ್ಲಿ ರಂಗವೇರಿದ ‘ಆಲ್ ಇನ್ ಎ ರೋ’ ನಾಟಕದ ಲಾರೆನ್ಸ್‌ಗೆ ಆಟಿಸಂ ಇದೆ, ಮಾತು ಬಾರದು. ನಾಟಕಕಾರ ಅಲೆಕ್ಸ್ ಓಟ್ಸ್ ಸ್ವತಃ ಇಂಥ ಮಕ್ಕಳ ಆರೈಕೆ ಮಾಡಿದ್ದವರು. ಆದರೂ ಬೂದುಮುಖದ ಆ ಬೊಂಬೆ ಹಲವು ಆಟಿಸ್ಟಿಕ್ ಪ್ರೇಕ್ಷಕರನ್ನು ನೋಯಿಸಿತು. ‘ನಾವು ಮನುಷ್ಯರಲ್ಲವೇ?’ ಎಂಬುದು ಅವರ ಆಕ್ಷೇಪದ ತಿರುಳು. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿಯೂ ನಾಟಕಕ್ಕೆ ಬೆಂಬಲ ಕೊಡಲಿಲ್ಲ.

ಹಾಗೆಂದು ಬೊಂಬೆಯನ್ನೇ ದೂರುವಂತಿಲ್ಲ.

ಕುಂದಾಪುರ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನೇ ನೋಡಿ. ಅಲ್ಲಿ ರಾಮನಿಗೂ ರಾವಣನಿಗೂ ಸ್ವಂತ ದನಿಯಿಲ್ಲ. ಭಾಗವತರ ಪದ, ಚೆಂಡೆಯ ಪೆಟ್ಟು, ಮರೆಯಲ್ಲಿ ನಿಂತವರ ಅರ್ಥಗಾರಿಕೆ. ಸೂತ್ರ ಸಡಿಲಿಸಿದರೆ ಮರದ ತಲೆ ಮೆಲ್ಲನೆ ಬಾಗುತ್ತದೆ, ಅಷ್ಟಕ್ಕೇ ದುಃಖ ಪ್ರೇಕ್ಷಕರಿಗೆ ಮುಟ್ಟುತ್ತದೆ. ಕಾಸರಗೋಡಿನಲ್ಲಿಯೂ ಇದೇ ಕಲೆ ಯಕ್ಷಗಾನದ ತೆಂಕುತಿಟ್ಟು ಶೈಲಿಯ ವೇಷದಲ್ಲಿ ಬಾಳುತ್ತಿದೆ. ಇಲ್ಲೆಲ್ಲ ಪಾತ್ರಗಳೆಲ್ಲವೂ ಬೊಂಬೆಗಳೇ, ಯಾರೂ ಬೇರೆಯಲ್ಲ. ಲಂಡನ್ನಿನಲ್ಲಿ ಒಬ್ಬನನ್ನೇ ಬೊಂಬೆಯಾಗಿಸಿದ್ದು ಎಡವಟ್ಟಾಯಿತು.

ಲಂಡನ್ನಿನಲ್ಲಾಗಲಿ, ಕುಂದಾಪುರದಲ್ಲಾಗಲಿ, ಇಂಥ ನಾಟಕ ಕಟ್ಟುವವರು ಮೊದಲು ಮಾತು ಬಾರದವರನ್ನೂ ಅವರ ಮನೆಯವರನ್ನೂ ತಾಲೀಮಿಗೆ ಕರೆಯಲಿ.