ಕೈಗೆ ಕಸರತ್ತು, ಕಾಲಿಗೂ ಲಾಭವೇ?



ಮೊಣಕಾಲು ನೋವಿನಿಂದ ಬೆಳಗಿನ ನಡಿಗೆ ಬಿಟ್ಟ ಹಿರಿಯ ಸದಸ್ಯರೊಬ್ಬರು, "ಕುಳಿತಲ್ಲೇ ಕೈ ಆಡಿಸಿದರೆ ಏನಾದರೂ ಪ್ರಯೋಜನ ಉಂಟೇ?" ಎಂದು ಕೇಳಿದ್ದರು. ನಾವು ಓದಿ ತಿಳಿದದ್ದನ್ನು ಎಲ್ಲರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇವೆ.

ನಿತ್ಯ ವ್ಯಾಯಾಮದಿಂದ ಎರಡು ಬಗೆಯ ಬದಲಾವಣೆ ಆಗುತ್ತದೆ. ಮೊದಲನೆಯದು ದುಡಿದ ಸ್ನಾಯುವಿನೊಳಗೆ. ಅಲ್ಲಿ ಆಮ್ಲಜನಕ ಬಳಸಿಕೊಳ್ಳುವ ಕಿಣ್ವಗಳು ಹೆಚ್ಚುತ್ತವೆ. ಸ್ವೀಡನ್ನಿನ ವಿಜ್ಞಾನಿ ಬೆಂಗ್ಟ್ ಸಾಲ್ಟಿನ್ ಮತ್ತು ಸಂಗಡಿಗರು ಒಂದೇ ಕಾಲಿನಿಂದ ಸೈಕಲ್ ತುಳಿಸಿ ನೋಡಿ, 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಲಾಭ ತುಳಿದ ಕಾಲಿಗೆ ದಕ್ಕಿತು, ಸುಮ್ಮನಿದ್ದ ಕಾಲಿಗೆ ದಕ್ಕಲಿಲ್ಲ.

ಎರಡನೆಯದು ಹೃದಯ ಮತ್ತು ರಕ್ತಸಂಚಾರದಲ್ಲಿ. ಹೃದಯ ಕೈಗೂ ಕಾಲಿಗೂ ಒಂದೇ. ಕಾಲಿಗೆ ತರಬೇತಿ ಕೊಟ್ಟವರಲ್ಲಿ ಕೈಕೆಲಸದ ವೇಳೆಯೂ ಎದೆಬಡಿತ ಮೊದಲಿಗಿಂತ ತಗ್ಗಿದ್ದನ್ನು ಡೆನ್ಮಾರ್ಕಿನ ಸಂಶೋಧಕರು 1973ರಲ್ಲೇ ತೋರಿಸಿದ್ದರು. ಕೈಯ ತರಬೇತಿಯಿಂದ ಕಾಲಿಗೆ ಸಿಗುವ ಪಾಲು ಚಿಕ್ಕದು, ಆದರೆ ಇಲ್ಲವೆನ್ನುವಂತಿಲ್ಲ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಕಾಲಿನ ರಕ್ತನಾಳ ಕಿರಿದಾಗಿ ನಡೆದರೆ ಮೀನಖಂಡ ನೋಯುತ್ತಿದ್ದವರಿಗೆ ಕೈಯಿಂದ ಪೆಡಲ್ ತಿರುಗಿಸುವ ತರಬೇತಿ ಕೊಟ್ಟರು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರು ನಡೆಯಬಲ್ಲ ದೂರವೇ ಹೆಚ್ಚಿತ್ತು.

ಹಾಗಾಗಿ ಕಾಲು ನೋವೆಂದು ಮೂಲೆ ಹಿಡಿಯಬೇಡಿ. ಕೈ ಆಡಿಸಿದರೆ ಹೃದಯಕ್ಕೆ ಒಳಿತು. ಆದರೆ ತೊಡೆಯ ಸ್ನಾಯು ಉಳಿಯಬೇಕಾದರೆ ತೊಡೆಯೇ ದುಡಿಯಬೇಕು. ವೈದ್ಯರು ಒಪ್ಪಿದಷ್ಟು, ಕುರ್ಚಿಯಲ್ಲಿ ಕುಳಿತಾದರೂ ಕಾಲು ಚಾಚಿ ಮಡಿಸಿ. ಒಂದೇ ಪ್ರಮಾಣದ ಶ್ರಮಕ್ಕೆ ಕಾಲಿಗಿಂತ ಕೈಕೆಲಸದಲ್ಲಿ ರಕ್ತದೊತ್ತಡ ಹೆಚ್ಚು ಏರುತ್ತದೆ. ಬಿ.ಪಿ., ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ.

– ಕಾರ್ಯದರ್ಶಿ