ಗಲ್ಲಾದಲ್ಲಿ ಕೂತು ಕೂತು ಸೊಂಟ ನೋವಾ? ಬೆಲ್ಟ್ ಕೊಳ್ಳೋ ಮುಂಚೆ ಇದನ್ನ ಓದಿ

ಬೆಳಗ್ಗೆ ಶಟರ್ ಎತ್ತಿದ ಅಂಗಡಿಯವರು ರಾತ್ರಿವರೆಗೂ ಗಲ್ಲಾದಲ್ಲೇ ಕೂತಿರ್ತಾರೆ. ಟೈಲರ್‌ಗಳು ಮಿಷನ್ ಮೇಲೆ ಬಾಗಿರ್ತಾರೆ. ಸೊಂಟ ಹಿಡ್ಕೊಂಡ್ರೆ ಮೆಡಿಕಲ್‌ನಿಂದ ಒಂದು ಮಾತ್ರೆ, ಇಲ್ಲಾಂದ್ರೆ ಒಂದು ಬೆಲ್ಟ್. ಎರಡು ದಿನ ಸುಮ್ಮನಿದ್ದ ನೋವು ಮತ್ತೆ ಹಾಜರ್.

ಯಾಕೆ ಹೀಗೆ?
ಗಂಟೆಗಟ್ಟಲೆ ಕೂತರೆ ತೊಡೆ ಎತ್ತುವ ಮುಂಭಾಗದ ಸ್ನಾಯುಗಳು ಬಿಗಿಯಾಗುತ್ತವೆ. ಹೊಟ್ಟೆ ಮತ್ತು ನಿತಂಬದ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ. ಆಗ ಭಾರವೆಲ್ಲ ಕೆಳಬೆನ್ನಿಗೆ. ಎಲ್ಲರ ನೋವಿಗೂ ಇದೇ ಕಾರಣ ಅಂತಲ್ಲ, ಆದರೆ ಕೂತು ಕೆಲಸ ಮಾಡೋರಲ್ಲಿ ಇದು ಸಾಮಾನ್ಯ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನು ನೋವಿತ್ತು. ಬಹುಕಾಲದ ಸೊಂಟನೋವಿಗೆ ವ್ಯಾಯಾಮ ಮಾಡಿ, ಸೊಂಟದ ಬೆಲ್ಟನ್ನು ಮಾಮೂಲಿ ಚಿಕಿತ್ಸೆಯಾಗಿ ಬಳಸಬೇಡಿ ಎಂದು ಸಂಸ್ಥೆ 2023ರಲ್ಲಿ ಹೇಳಿದೆ.

ಚಾಪೆ ಸಾಕು, ಜಿಮ್ ಬೇಡ
ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಟ್ಟ ಮೂರು ವ್ಯಾಯಾಮ ಇವು:

1. ಅಂಗಾತ ಮಲಗಿ. ಒಂದು ಮಂಡಿ ಮಡಚಿ, ಇನ್ನೊಂದು ಕಾಲು ನೇರ. ಅಂಗೈಗಳನ್ನು ಸೊಂಟದ ಕೆಳಗಿಟ್ಟು, ತಲೆ-ಭುಜ ಮಾತ್ರ ನೆಲದಿಂದ ಸ್ವಲ್ಪ ಎತ್ತಿ. ಕುತ್ತಿಗೆ ಬಗ್ಗಿಸಬೇಡಿ.
2. ಪಕ್ಕಕ್ಕೆ ಮಲಗಿ, ಮಂಡಿ ಮಡಚಿ. ಮೊಣಕೈ ಮತ್ತು ಮಂಡಿ ಊರಿ ಸೊಂಟ ಎತ್ತಿ. ಎರಡೂ ಕಡೆ ಮಾಡಿ.
3. ಅಂಬೆಗಾಲಿನ ಭಂಗಿಯಲ್ಲಿ ನಿಂತು ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ನೇರ ಚಾಚಿ. ಆಮೇಲೆ ಅದಲು ಬದಲು. ಸೊಂಟ ಅಲುಗಬಾರದು.

ಪ್ರತಿಯೊಂದನ್ನೂ 8ರಿಂದ 10 ಸೆಕೆಂಡು ಹಿಡಿದು ಬಿಡಿ. ಮೊದಲ ವಾರ ನಾಲ್ಕೈದು ಸಲ ಸಾಕು. ಉಸಿರು ಕಟ್ಟಬೇಡಿ. ಎದ್ದ ತಕ್ಷಣ ಬೇಡ, ಒಂದು ಗಂಟೆ ಓಡಾಡಿ ಆಮೇಲೆ ಮಾಡಿ. ನೋವು ಜಾಸ್ತಿಯಾದ್ರೆ ನಿಲ್ಲಿಸಿ. ಒಂದೆರಡು ದಿನಕ್ಕೆ ಗುಣ ಕಾಣಲ್ಲ, ಕೆಲವು ವಾರ ಬಿಡದೆ ಮಾಡಬೇಕು.

ಅಂಗಡಿಯಲ್ಲಿ
ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಅಕ್ಕಿ ಮೂಟೆ ಎತ್ತುವಾಗ ಮಂಡಿ ಬಗ್ಗಿಸಿ, ಮೂಟೆ ಮೈಗೆ ಹತ್ತಿರ ಇರಲಿ. ಎತ್ತಿಕೊಂಡೇ ಸೊಂಟ ತಿರುಚಬೇಡಿ, ಕಾಲು ತಿರುಗಿಸಿ. ನೋವಿನ ಮಾತ್ರೆಯನ್ನು ಡಾಕ್ಟರ್ ಕೇಳದೆ ದಿನಾ ನುಂಗಿದ್ರೆ ಹೊಟ್ಟೆ, ಕಿಡ್ನಿಗೆ ಪೆಟ್ಟು.

ಯಾವಾಗ ಕಾಯಬಾರದು?
ಕಾಲಿನ ಬಲ ಕುಗ್ಗಿದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರ-ಮಲದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಬಂದ ನೋವು, ಜ್ವರ ಅಥವಾ ತೂಕ ಇಳಿಕೆ ಜೊತೆಗಿನ ನೋವನ್ನೂ ಡಾಕ್ಟರಿಗೆ ತೋರಿಸಿ. ಇವಕ್ಕೆ ವ್ಯಾಯಾಮ ಮದ್ದಲ್ಲ.