ಎಲ್‌ಎಲ್-37: ಇಮ್ಯುನಿಟಿ ಇಂಜೆಕ್ಷನ್ ನಿಜಕ್ಕೂ ಬೇಕಾ?

‘ಪೆಪ್ಟೈಡ್ ಥೆರಪಿ’ ಜಾಹೀರಾತುಗಳಲ್ಲಿ ಎಲ್‌ಎಲ್-37 ಅನ್ನೋ ಹೆಸರು ನೀವೂ ನೋಡಿರಬಹುದು. ಚುಚ್ಚಿಸಿಕೊಂಡ್ರೆ ರೋಗನಿರೋಧಕ ಶಕ್ತಿ ಹೆಚ್ಚುತ್ತೆ ಅಂತಾರೆ. ನಿಜಾನಾ? ಇವತ್ತು ಅದನ್ನೇ ನೋಡೋಣ.

ಇದು ಹೊರಗಿನ ವಸ್ತುವೇನಲ್ಲ. ನಮ್ಮ ಬಿಳಿ ರಕ್ತಕಣಗಳು, ಚರ್ಮ, ಶ್ವಾಸನಾಳದ ಒಳಪದರ ತಾವೇ ತಯಾರಿಸುವ ಪುಟ್ಟ ಪ್ರೋಟೀನ್ ತುಣುಕು. 37 ಅಮೈನೋ ಆಮ್ಲಗಳ ಸರಪಳಿ. ಮೊದಲ ಎರಡೂ ಲ್ಯೂಸಿನ್. ವಿಜ್ಞಾನಿಗಳು ಅದನ್ನು ‘ಎಲ್’ ಅಂತ ಗುರುತಿಸ್ತಾರೆ. ಅದಕ್ಕೇ ಈ ಹೆಸರು.

ಇದರಲ್ಲಿ ಧನ ವಿದ್ಯುದಾವೇಶ ಇದೆ, ಬ್ಯಾಕ್ಟೀರಿಯಾದ ಪೊರೆಯಲ್ಲಿ ಋಣ. ಹಾಗಾಗಿ ಹೋಗಿ ಅಂಟಿಕೊಂಡು ಪೊರೆಯನ್ನೇ ಹರಿದುಹಾಕುತ್ತೆ. ಜೊತೆಗೆ ರಕ್ಷಣಾ ಕಣಗಳನ್ನೂ ಸ್ಥಳಕ್ಕೆ ಕರೆಯುತ್ತೆ.

ಇಷ್ಟು ಒಳ್ಳೇದಾದ್ರೆ ಇನ್ನಷ್ಟು ತಗೊಳ್ಳೋಕೆ ಏನಡ್ಡಿ? ನನ್ನ ಪ್ರಕಾರ ಇಲ್ಲೇ ಎಚ್ಚರ ಬೇಕು. ದೇಹ ಇದನ್ನು ಒಂದು ದೊಡ್ಡ ಪ್ರೋಟೀನಿನೊಳಗೆ ಒರೆಯಲ್ಲಿಟ್ಟ ಕತ್ತಿಯ ಹಾಗೆ ಇಟ್ಟಿರುತ್ತೆ. ಬೇಕಾದಾಗ, ಬೇಕಾದ ಕಡೆ ಮಾತ್ರ ಹೊರಗೆ ತೆಗೆಯುತ್ತೆ. ಸೋರಿಯಾಸಿಸ್‌ನಲ್ಲಿ ಎಲ್‌ಎಲ್-37 ನಮ್ಮದೇ ಡಿಎನ್‌ಎ ಜೊತೆ ಸೇರಿ, ರಕ್ಷಣಾ ಕಣಗಳು ಅದನ್ನು ವೈರಿ ಅಂತ ತಿಳಿಯುವಂತೆ ಮಾಡುತ್ತೆ ಎಂದು 2007ರಲ್ಲಿ ಸಂಶೋಧಕರು ತೋರಿಸಿದರು. ಮುಖ ಕೆಂಪಾಗುವ ರೊಸೇಶಿಯಾ ಕಾಯಿಲೆಯಲ್ಲೂ ಈ ಗುಂಪಿನ ಪೆಪ್ಟೈಡ್‌ಗಳ ಪಾತ್ರ ಅದೇ ವರ್ಷ ಗೊತ್ತಾಯಿತು.

ಹಾಗಂತ ಇದರಿಂದ ಚಿಕಿತ್ಸೆ ಸಾಧ್ಯವೇ ಇಲ್ಲ ಅಂತಲ್ಲ. ಕಾಲಿನ ವಾಸಿಯಾಗದ ಹುಣ್ಣಿಗೆ ಹಚ್ಚಿ ನೋಡಿದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. 34 ರೋಗಿಗಳು ಮಾತ್ರ. ಕಡಿಮೆ ಪ್ರಮಾಣ ಹಚ್ಚಿದವರಲ್ಲಿ ಗಾಯ ಬೇಗ ಮಾಗಿತು. ಅತಿ ಹೆಚ್ಚು ಪ್ರಮಾಣದಿಂದ ಆ ಲಾಭ ಸಿಗಲಿಲ್ಲ. ಗಮನಿಸಿ: ಅದು ಗಾಯಕ್ಕೆ ಹಚ್ಚಿದ್ದು, ಆರೋಗ್ಯವಂತರಿಗೆ ಚುಚ್ಚಿದ್ದಲ್ಲ. ಅಮೆರಿಕದ ಎಫ್‌ಡಿಎ 2023ರಲ್ಲಿ ಇದನ್ನು ಸುರಕ್ಷತೆಯ ಆತಂಕವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಹಾಗಾದ್ರೆ ನಾವೇನು ಮಾಡಬೇಕು? ಈ ಪೆಪ್ಟೈಡ್ ತಯಾರಿಸೋಕೆ ದೇಹಕ್ಕೆ ವಿಟಮಿನ್ ಡಿ ಸಹಾಯ ಮಾಡುತ್ತೆ. ಕೊರತೆ ಇದೆಯಾ ಅಂತ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತೆ. ಇದ್ದರೆ ವೈದ್ಯರು ಹೇಳಿದಷ್ಟೇ ತಗೊಳ್ಳಿ. ಸೋರಿಯಾಸಿಸ್‌ನಂಥ ಕಾಯಿಲೆ ಇರುವವರಂತೂ ಆನ್‌ಲೈನ್‌ನಲ್ಲಿ ಸಿಗುವ ಸೀಸೆಯಿಂದ ದೂರ ಇರಿ. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೇದಲ್ಲ, ಹದವಾಗಿರಬೇಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ.